ನ್ಯೂ ಮೆಕ್ಸಿಕೋದ ಹಳ್ಳಿ ಕ್ಲಿನಿಕ್‌ಗಳು ಲಿವರ್ ಚಿಕಿತ್ಸೆ ಕಲಿತದ್ದು ಹೇಗೆ: ಒಂದು ಪ್ರಕರಣ ಅಧ್ಯಯನ

2003ರ ಸುಮಾರಿಗೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಹೆಪಟೈಟಿಸ್ ಸಿ, ಅಂದರೆ ಲಿವರ್ ಹಾಳು ಮಾಡುವ ಒಂದು ವೈರಸ್ ಸೋಂಕು, ಇದ್ದವರು ಸುಮಾರು 28,000 ಮಂದಿ ಎಂಬ ಅಂದಾಜಿತ್ತು. 2004ರ ಹೊತ್ತಿಗೆ ಅವರಲ್ಲಿ ಚಿಕಿತ್ಸೆ ಸಿಕ್ಕಿದ್ದು 1,600ಕ್ಕೂ ಕಡಿಮೆ ಜನರಿಗೆ. ಔಷಧಿ ಇತ್ತು. ಅದನ್ನು ಧೈರ್ಯವಾಗಿ ಕೊಡಬಲ್ಲವರು ಮಾತ್ರ ಇರಲಿಲ್ಲ. ಇದ್ದ ತಜ್ಞರೆಲ್ಲ ಅಲ್ಬುಕರ್ಕಿ ನಗರದಂಥ ಕಡೆ ಇದ್ದರು. ಅಲ್ಲಿನ ವಿಶ್ವವಿದ್ಯಾಲಯದ ಲಿವರ್ ಕ್ಲಿನಿಕ್‌ನಲ್ಲಿ ಹೊಸ ರೋಗಿ ಎಂಟು ತಿಂಗಳವರೆಗೆ ಕಾಯಬೇಕಿತ್ತು. ಕೆಲವರು 250 ಮೈಲಿ, ಅಂದರೆ ಸುಮಾರು 400 ಕಿಲೋಮೀಟರ್ ಕಾರು ಓಡಿಸಿಕೊಂಡು ಬರುತ್ತಿದ್ದರು. ಒಮ್ಮೆ ಬಂದು ಹೋದರೆ ಮುಗಿಯುವ ಚಿಕಿತ್ಸೆಯೂ ಅದಲ್ಲ.

ರಾಜ್ಯದ ಲೆಕ್ಕ ನೋಡಿದರೆ ಕಷ್ಟ ಅರ್ಥವಾಗುತ್ತದೆ. ವಿಸ್ತೀರ್ಣ ಕರ್ನಾಟಕದ ಒಂದೂವರೆ ಪಟ್ಟಿಗಿಂತ ಜಾಸ್ತಿ, ಜನಸಂಖ್ಯೆ ಆಗ 20 ಲಕ್ಷಕ್ಕೂ ಕಡಿಮೆ. ನಮ್ಮ ಜಿಲ್ಲೆಗಳಂಥ 33 ಕೌಂಟಿಗಳಲ್ಲಿ 32 ವೈದ್ಯಕೀಯ ಸೌಲಭ್ಯ ಸಾಲದ ಪಟ್ಟಿಯಲ್ಲಿದ್ದವು. ಸಣ್ಣ ಊರುಗಳ ಕ್ಲಿನಿಕ್‌ಗಳಲ್ಲಿ ರೋಗಿಯನ್ನು ನೋಡುತ್ತಿದ್ದವರು ಕುಟುಂಬ ವೈದ್ಯರು, ವೈದ್ಯರ ಜೊತೆ ಸೇರಿ ಚಿಕಿತ್ಸೆ ಕೊಡಲು ತರಬೇತಾದ ಫಿಸಿಷಿಯನ್ ಅಸಿಸ್ಟೆಂಟ್‌ಗಳು ಮತ್ತು ನರ್ಸ್ ಪ್ರಾಕ್ಟೀಷನರ್‌ಗಳು.

ಈ ಕೊನೆಯವರ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನರ್ಸ್ ಪ್ರಾಕ್ಟೀಷನರ್ ಅಂದರೆ ನರ್ಸಿಂಗ್ ಮುಗಿಸಿ, ಅದರ ಮೇಲೆ ಸ್ನಾತಕೋತ್ತರ ತರಬೇತಿ ಪಡೆದು, ರೋಗ ಪತ್ತೆ ಮಾಡಿ ಔಷಧಿ ಬರೆಯುವ ಅಧಿಕಾರ ಇರುವವರು. ಮೊದಲ ಕೋರ್ಸ್ ಶುರುವಾದದ್ದು 1965ರಲ್ಲಿ, ಕೊಲರಾಡೋ ವಿಶ್ವವಿದ್ಯಾಲಯದಲ್ಲಿ. ನ್ಯೂ ಮೆಕ್ಸಿಕೋದಲ್ಲಿ ಅವರು ವೈದ್ಯರ ಸಹಿ ಕಾಯದೆ ಸ್ವಂತವಾಗಿ ಕ್ಲಿನಿಕ್ ನಡೆಸಬಹುದು. ಹಾಗಾಗಿ ಕಾನೂನಿನ ಅಡ್ಡಿ ಅಲ್ಲಿ ದೊಡ್ಡದಿರಲಿಲ್ಲ. ಅಡ್ಡಿ ಇದ್ದದ್ದು ಆ ಒಂದು ರೋಗಕ್ಕೆ ಬೇಕಾದ ಕೈಪಳಗಿಕೆಯಲ್ಲಿ.

ಆಗಿನ ಔಷಧಿಯ ಕಾಟ

ಆಗಿನ ಚಿಕಿತ್ಸೆಯಲ್ಲಿ ಎರಡು ಔಷಧಿ. ವಾರಕ್ಕೊಂದು ಪೆಗ್ ಇಂಟರ್‌ಫೆರಾನ್ ಇಂಜೆಕ್ಷನ್, ದಿನವೂ ರಿಬಾವಿರಿನ್ ಮಾತ್ರೆ. ವೈರಸ್‌ನ ಜಿನೋಟೈಪ್, ಅಂದರೆ ತಳಿ, 1 ಆಗಿದ್ದರೆ 48 ವಾರ, 2 ಅಥವಾ 3 ಆಗಿದ್ದರೆ 24 ವಾರ. ಇಂಟರ್‌ಫೆರಾನ್ ತೆಗೆದುಕೊಂಡವರಿಗೆ ಜ್ವರ, ಮೈಕೈ ನೋವು ಮಾಮೂಲು. ಬಿಳಿ ರಕ್ತಕಣ ಇಳಿಯುತ್ತದೆ. ಕೆಲವರಿಗೆ ಖಿನ್ನತೆ ಎಷ್ಟು ಜೋರಾಗಿ ಬರುತ್ತದೆ ಎಂದರೆ ಆತ್ಮಹತ್ಯೆಯ ಯೋಚನೆವರೆಗೂ ಹೋಗುತ್ತದೆ. ರಿಬಾವಿರಿನ್ ಕೆಂಪು ರಕ್ತಕಣ ಒಡೆಯುತ್ತದೆ, ಗರ್ಭದ ಮಗುವಿಗೆ ಹಾನಿ ಮಾಡುತ್ತದೆ. ಇಷ್ಟೆಲ್ಲ ಸಹಿಸಿಕೊಂಡರೂ ಜಿನೋಟೈಪ್ 1ರಲ್ಲಿ ಗುಣವಾಗುತ್ತಿದ್ದವರು ಹೆಚ್ಚುಕಡಿಮೆ ಅರ್ಧ ಜನ.

ಇಂಥ ಚಿಕಿತ್ಸೆಯನ್ನು ಹಳ್ಳಿಯಲ್ಲಿ ಒಬ್ಬರೇ ಕೂತು ಶುರು ಮಾಡಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ? ತಪ್ಪಾದರೆ ರೋಗಿಯ ಪ್ರಾಣ, ಜೊತೆಗೆ ತಮ್ಮ ಲೈಸೆನ್ಸ್. ರೋಗಿಯನ್ನು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟು ಕಳಿಸುವುದೇ ಸುಲಭದ ದಾರಿ. ಕಳಿಸಿದವರು ಅಲ್ಲಿಗೆ ತಲುಪುತ್ತಾರಾ ಎಂಬುದು ಬೇರೆ ಮಾತು.

ನಿರಂತರ ಶಿಕ್ಷಣ ಇದ್ದೇ ಇತ್ತಲ್ಲ?

ಇತ್ತು. ಕೆಲಸಕ್ಕೆ ಸೇರಿದ ಮೇಲೂ ಆಗಾಗ ಹೊಸದನ್ನು ಕಲಿಯುತ್ತಾ ಇರುವ ಈ ವ್ಯವಸ್ಥೆ ನರ್ಸ್ ಪ್ರಾಕ್ಟೀಷನರ್‌ಗಳಿಗೆ ಕಡ್ಡಾಯ ಕೂಡ. ಅಮೆರಿಕನ್ ನರ್ಸಸ್ ಕ್ರೆಡೆನ್ಷಿಯಲಿಂಗ್ ಸೆಂಟರ್‌ನ ಸರ್ಟಿಫಿಕೇಟ್ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಅದಕ್ಕೆ ಈಗಿನ ನಿಯಮದಲ್ಲಿ 75 ಗಂಟೆಗಳ ಶಿಕ್ಷಣ ತೋರಿಸಬೇಕು, ಅದರಲ್ಲಿ 25 ಗಂಟೆ ಔಷಧಶಾಸ್ತ್ರದ್ದೇ ಆಗಿರಬೇಕು. ಇನ್ನೊಂದು ಪ್ರಮಾಣೀಕರಣ ಸಂಸ್ಥೆ 100 ಗಂಟೆ ಕೇಳುತ್ತದೆ, ಜೊತೆಗೆ 1,000 ಗಂಟೆ ರೋಗಿಗಳನ್ನು ನೋಡಿದ ಅನುಭವ.

ಗಂಟೆಗಳ ಲೆಕ್ಕ ಸರಿಹೋಗುತ್ತದೆ. ಆದರೆ ಆ ಗಂಟೆಗಳಲ್ಲಿ ಏನಾಗುತ್ತದೆ? ಹೋಟೆಲ್ ಹಾಲ್‌ನಲ್ಲಿ ಕೂತು ಸ್ಲೈಡ್ ನೋಡುವುದು, ಇಲ್ಲವೇ ಕಂಪ್ಯೂಟರ್ ಮುಂದೆ ಕೂತು ಕೊನೆಯಲ್ಲಿ ಹತ್ತು ಪ್ರಶ್ನೆಗೆ ಟಿಕ್ ಹಾಕುವುದು. 1999ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ ಈ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿತು. ಬರೀ ಭಾಷಣ ಕೇಳಿಸಿದರೆ ವೈದ್ಯರು ರೋಗಿಯನ್ನು ನೋಡುವ ರೀತಿ ಬದಲಾಗುವುದಿಲ್ಲ, ಕಲಿಯುವವರು ಕೈಹಾಕಿ ಮಾಡುವ ತರಬೇತಿಯಲ್ಲಿ ಬದಲಾಗುವ ಸಾಧ್ಯತೆ ಇದೆ ಎಂದು ಹೇಳಿತು. ಹಳ್ಳಿಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಂದರೆ. ಕಾನ್ಫರೆನ್ಸ್‌ಗೆ ಹೋದರೆ ಆ ದಿನ ಕ್ಲಿನಿಕ್ ಬಾಗಿಲು ಹಾಕಬೇಕು. ಬದಲಿಗೆ ಬರುವವರು ಯಾರೂ ಇಲ್ಲ.

ಅಲ್ಬುಕರ್ಕಿಯಲ್ಲಿ ಮಾಡಿದ್ದು

ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಲಿವರ್ ತಜ್ಞ ಡಾ. ಸಂಜೀವ್ ಅರೋರಾ 2003ರಲ್ಲಿ ಪ್ರಾಜೆಕ್ಟ್ ಎಕೋ ಶುರು ಮಾಡಿದರು. ಯೋಚನೆ ಸರಳ. ರೋಗಿಗಳು ತಜ್ಞರ ಹತ್ತಿರ ಬರುವ ಬದಲು, ರೋಗಿಗಳನ್ನು ಈಗಾಗಲೇ ನೋಡುತ್ತಿರುವವರಿಗೇ ಚಿಕಿತ್ಸೆ ಕಲಿಸುವುದು. ವಾರಕ್ಕೊಮ್ಮೆ ಹಲವು ಊರುಗಳ ಕ್ಲಿನಿಕ್‌ಗಳು ವಿಡಿಯೋ ಇಲ್ಲವೇ ಫೋನ್ ಮೂಲಕ ಒಂದೇ ಸಭೆಗೆ ಸೇರುತ್ತವೆ. ಈ ಕಡೆ ಲಿವರ್ ತಜ್ಞರು, ಮನೋವೈದ್ಯರು, ಫಾರ್ಮಸಿಸ್ಟ್ ಕೂತಿರುತ್ತಾರೆ. ನಡುವೆ ಒಂದು ಚಿಕ್ಕ ಪಾಠ ಇರುತ್ತದೆ, ಉಳಿದ ಹೊತ್ತೆಲ್ಲ ರೋಗಿಗಳ ಕೇಸು.

ಇದನ್ನು ಟೆಲಿಮೆಡಿಸಿನ್ ಎಂದುಕೊಳ್ಳುವವರು ಬಹಳ. ಟೆಲಿಮೆಡಿಸಿನ್‌ನಲ್ಲಿ ತಜ್ಞರು ಪರದೆಯ ಮೇಲೆ ರೋಗಿಯನ್ನೇ ನೋಡುತ್ತಾರೆ, ಚಿಕಿತ್ಸೆಯ ಹೊಣೆ ಹೊರುತ್ತಾರೆ. ಎಕೋದಲ್ಲಿ ರೋಗಿ ಪರದೆಯ ಮೇಲೆ ಬರುವುದೇ ಇಲ್ಲ. ಹೆಸರು, ಗುರುತು ತೆಗೆದು ಕೇಸನ್ನು ಹೇಳುತ್ತಾರೆ. ತಜ್ಞರು ಸಲಹೆ ಕೊಡುತ್ತಾರೆ, ತೀರ್ಮಾನ ಮತ್ತು ಹೊಣೆ ಹಳ್ಳಿಯ ಕ್ಲಿನಿಕ್‌ನವರದ್ದೇ. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ಜೀವಾಳ ಇದೇ. ಹೊಣೆ ತಮ್ಮ ಹೆಗಲ ಮೇಲೆ ಇದ್ದುದರಿಂದಲೇ ಅವರು ಕಲಿತರು.

ಒಂದು ಕೇಸು ಹೇಗೆ ನಡೆಯುತ್ತಿತ್ತು ಎಂದು ಕಾಣಲು ಒಂದು ಕಾಲ್ಪನಿಕ ರೋಗಿಯನ್ನು ಇಟ್ಟುಕೊಳ್ಳೋಣ. ವಯಸ್ಸು 46, ಜಿನೋಟೈಪ್ 1, ಚಿಕಿತ್ಸೆಯ ಆರನೇ ವಾರ. ಶುರುವಿನಲ್ಲಿ ಹಿಮೋಗ್ಲೋಬಿನ್ 14.1 ಗ್ರಾಂ ಇತ್ತು, ಈಗ 9.6. ಮೆಟ್ಟಿಲು ಹತ್ತಿದರೆ ಏದುಸಿರು. ಕ್ಲಿನಿಕ್‌ನ ನರ್ಸ್ ಪ್ರಾಕ್ಟೀಷನರ್ ಕೇಸು ಹೇಳುತ್ತಾರೆ, ಕೊನೆಗೆ ತಮ್ಮ ಪ್ರಶ್ನೆ ಇಡುತ್ತಾರೆ: ಔಷಧಿ ನಿಲ್ಲಿಸಲಾ?

ಔಷಧಿ ಕಂಪನಿಯ ಸೂಚನೆ ಪ್ರಕಾರ ಹೃದಯದ ತೊಂದರೆ ಇಲ್ಲದವರಲ್ಲಿ ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ ಹೋದರೆ ರಿಬಾವಿರಿನ್ ಡೋಸ್ 600 ಮಿಲಿಗ್ರಾಂಗೆ ಇಳಿಸಬೇಕು. 8.5ಕ್ಕಿಂತ ಕೆಳಗಾದರೆ ನಿಲ್ಲಿಸಬೇಕು. ಪುಸ್ತಕದಲ್ಲಿ ಅಷ್ಟೇ ಇದೆ. ಸಭೆಯಲ್ಲಿ ಮಾತು ಅಲ್ಲಿಂದ ಮುಂದೆ ಹೋಗುತ್ತದೆ. ಈತನಿಗೆ ಹೃದಯದ ಕಾಯಿಲೆ ಇದೆಯಾ? ಇದ್ದರೆ ನಿಯಮವೇ ಬೇರೆ, ನಾಲ್ಕು ವಾರದಲ್ಲಿ 2 ಗ್ರಾಂ ಇಳಿದರೂ ಡೋಸ್ ಕಡಿಮೆ ಮಾಡಬೇಕು. ಮೊದಲ ವಾರಗಳಲ್ಲೇ ಡೋಸ್ ಜಾಸ್ತಿ ಇಳಿಸಿದರೆ ಗುಣವಾಗುವ ಅವಕಾಶ ಕುಗ್ಗುತ್ತದೆ, ಹಾಗಾಗಿ ಎಷ್ಟು ಇಳಿಸುವುದು? ಫಾರ್ಮಸಿಸ್ಟ್ ಕೇಳುತ್ತಾರೆ, ಬೇರೆ ಯಾವ ಮಾತ್ರೆ ನುಂಗುತ್ತಿದ್ದಾನೆ? ಮನೋವೈದ್ಯರು ಕೇಳುವುದು ನಿದ್ದೆ ಹೇಗಿದೆ, ಮನೆಯಲ್ಲಿ ಸಿಟ್ಟು ಜಾಸ್ತಿ ಆಗಿದೆಯಾ ಎಂದು. ಸಂಗಾತಿ ಗರ್ಭಿಣಿಯಾಗದಂತೆ ಎಚ್ಚರ ವಹಿಸಿದ್ದಾರಾ? ಹನ್ನೆರಡನೇ ವಾರದ ವೈರಸ್ ಪರೀಕ್ಷೆಗೆ ದಿನ ಗೊತ್ತು ಮಾಡಿದ್ದೀರಾ? ಆ ಪರೀಕ್ಷೆಯಲ್ಲಿ ವೈರಸ್ ನೂರರಲ್ಲಿ ಒಂದು ಭಾಗಕ್ಕೂ ಇಳಿಯದಿದ್ದರೆ ಉಳಿದ 36 ವಾರ ಆ ಮನುಷ್ಯನನ್ನು ಸುಮ್ನೆ ನರಳಿಸುವುದರಲ್ಲಿ ಅರ್ಥವಿಲ್ಲ.

ಇದಕ್ಕೆಲ್ಲ ಉತ್ತರ ಹೇಳಲು ನರ್ಸ್ ಮುಂಚೆಯೇ ರೋಗಿಯನ್ನು ಅಷ್ಟು ಕೂಲಂಕಷವಾಗಿ ನೋಡಿರಬೇಕು. ಮುಂದಿನ ಸಲ ಆ ಪ್ರಶ್ನೆಗಳನ್ನು ಅವರೇ ಕೇಳಿಕೊಂಡು ಬರುತ್ತಾರೆ. ಸಲಹೆ ಬರವಣಿಗೆಯಲ್ಲಿ ಸಿಗುತ್ತದೆ. ಮುಂದೆ ಅದೇ ರೋಗಿ ಮತ್ತೆ ಚರ್ಚೆಗೆ ಬರುತ್ತಾನೆ, ಏನಾಯಿತು ಎಂದು ಎಲ್ಲರ ಮುಂದೆ ಹೇಳಬೇಕು. ಇನ್ನೊಂದು ಊರಿನಲ್ಲಿ ಕೂತು ಕೇಳುತ್ತಿದ್ದವರಿಗೂ ಇದು ಪಾಠವೇ. ಅವರ ರೋಗಿಗೆ ರಕ್ತ ಇಳಿಯುವುದು ಮುಂದಿನ ತಿಂಗಳು ಇರಬಹುದು. ಕೆಲವು ತಿಂಗಳಾದ ಮೇಲೆ ಒಂದು ಕ್ಲಿನಿಕ್‌ನವರ ಪ್ರಶ್ನೆಗೆ ಇನ್ನೊಂದು ಕ್ಲಿನಿಕ್‌ನವರೇ ಉತ್ತರ ಹೇಳುವ ಹಂತ ಬರುತ್ತದೆ, ತಜ್ಞರು ತಲೆಯಾಡಿಸಿದರೆ ಸಾಕು.

ಈ ಸಭೆಗಳಲ್ಲಿ ಕೂತದ್ದಕ್ಕೆ ನಿರಂತರ ಶಿಕ್ಷಣದ ಕ್ರೆಡಿಟ್ ಉಚಿತವಾಗಿ ಸಿಗುತ್ತಿತ್ತು. ಹೇಗೂ ತೋರಿಸಬೇಕಾದ ಗಂಟೆಗಳು, ಪ್ರಯಾಣವಿಲ್ಲದೆ, ತಮ್ಮದೇ ರೋಗಿಯ ಕೆಲಸ ಮಾಡುತ್ತಾ ತುಂಬುತ್ತಿದ್ದವು. ಯೋಜನೆಯಲ್ಲಿದ್ದ 25 ಮಂದಿಯನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೆಪಟೈಟಿಸ್ ಸಿ ನಿಭಾಯಿಸುವ ತಮ್ಮ ಸಾಮರ್ಥ್ಯಕ್ಕೆ ಅವರು 7ರ ಅಳತೆಯಲ್ಲಿ ಕೊಟ್ಟುಕೊಂಡ ಅಂಕ 2.8ರಿಂದ 5.5ಕ್ಕೆ ಏರಿತ್ತು. ತಮಗೆ ತಾವೇ ಕೊಟ್ಟುಕೊಂಡ ಅಂಕ ಇದು, ಅದನ್ನು ಮರೆಯಬಾರದು.

ರೋಗಿಗಳಿಗೆ ಏನಾಯಿತು

ನಿರಂತರ ಶಿಕ್ಷಣದ ಯೋಜನೆಗಳು ಸಾಮಾನ್ಯವಾಗಿ ಆ ಆತ್ಮವಿಶ್ವಾಸದ ಅಂಕದಲ್ಲೇ ನಿಂತುಬಿಡುತ್ತವೆ. ಎಷ್ಟು ಜನ ಬಂದರು, ಎಷ್ಟು ಜನರಿಗೆ ಇಷ್ಟವಾಯಿತು, ಮುಗಿಯಿತು. ಎಕೋದವರು ಒಂದು ಹೆಜ್ಜೆ ಮುಂದೆ ಹೋಗಿ ರೋಗಿಗಳನ್ನು ಎಣಿಸಿದರು. ಫಲಿತಾಂಶ 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು.

ಒಟ್ಟು 407 ರೋಗಿಗಳು. 146 ಮಂದಿ ವಿಶ್ವವಿದ್ಯಾಲಯದ ಕ್ಲಿನಿಕ್‌ನಲ್ಲಿ ತಜ್ಞರ ಕೈಯಲ್ಲೇ ಚಿಕಿತ್ಸೆ ಪಡೆದರು. ಉಳಿದ 261 ಮಂದಿ 21 ಎಕೋ ಕೇಂದ್ರಗಳಲ್ಲಿ, ಅಂದರೆ 16 ಸಮುದಾಯ ಕ್ಲಿನಿಕ್ ಮತ್ತು 5 ಜೈಲುಗಳಲ್ಲಿ. ವೈರಸ್ ಪೂರ್ತಿ ಹೋದವರ ಪ್ರಮಾಣ ತಜ್ಞರಲ್ಲಿ ಶೇ. 57.5, ಎಕೋ ಕೇಂದ್ರಗಳಲ್ಲಿ ಶೇ. 58.2. ಕಷ್ಟದ ಜಿನೋಟೈಪ್ 1ರಲ್ಲಿ ಶೇ. 45.8 ಮತ್ತು ಶೇ. 49.7. ಗಂಭೀರ ಅಡ್ಡಪರಿಣಾಮ ತಜ್ಞರಲ್ಲಿ ಶೇ. 13.7, ಎಕೋದಲ್ಲಿ ಶೇ. 6.9.

ಕೊನೆಯ ಸಂಖ್ಯೆ ಹಿಡಿದುಕೊಂಡು ಹಳ್ಳಿ ಕ್ಲಿನಿಕ್ ತಜ್ಞರಿಗಿಂತ ಮೇಲು ಎಂದು ಕುಣಿಯಬಾರದು. ಚೀಟಿ ಎತ್ತಿ ಯಾರು ಎಲ್ಲಿಗೆ ಎಂದು ಹಂಚಿದ ಅಧ್ಯಯನ ಇದಲ್ಲ. ಎರಡೂ ಕಡೆಯ ರೋಗಿಗಳು ಒಂದೇ ಥರ ಇದ್ದರು ಎನ್ನಲಾಗದು. ಜೊತೆಗೆ ಎಕೋ ಸೇರಿದವರು ತಾವಾಗಿಯೇ ಆಸಕ್ತಿಯಿಂದ ಬಂದವರು. ಆದರೆ ಹಳ್ಳಿಯಲ್ಲಿ ಚಿಕಿತ್ಸೆ ಕೊಟ್ಟರೆ ರೋಗಿಗೆ ಅಪಾಯ ಎಂಬ ಹಳೆಯ ವಾದಕ್ಕೆ ಇಷ್ಟೇ ಉತ್ತರ ಸಾಕಾಗಿತ್ತು. ಅಲ್ಲಿ ಹೋಲಿಕೆ ಮಾಡಬೇಕಾದದ್ದು ತಜ್ಞರ ಚಿಕಿತ್ಸೆಯ ಜೊತೆಗಲ್ಲ, ಚಿಕಿತ್ಸೆಯೇ ಸಿಗದೆ ಎಂಟು ತಿಂಗಳು ಕೂರುವುದರ ಜೊತೆಗೆ, ಅಲ್ವಾ?

ಜೈಲಿನ ವಿಷಯ ಒಂದೆರಡು ಸಾಲಿನಲ್ಲಿ ಹೇಳಿ ಮುಗಿಸುತ್ತೇನೆ, ಅದೇ ಒಂದು ಬೇರೆ ಲೇಖನಕ್ಕೆ ಆಗುವಷ್ಟಿದೆ. ರಾಜ್ಯದ ಜೈಲುಗಳಲ್ಲಿ ಸುಮಾರು 2,300 ಮಂದಿಗೆ ಸೋಂಕು ಇತ್ತು, ಯೋಜನೆಗೆ ಮುಂಚೆ ಒಬ್ಬರಿಗೂ ಚಿಕಿತ್ಸೆ ಸಿಕ್ಕಿರಲಿಲ್ಲ. ಜೈಲಿನ ವೈದ್ಯರು, ನರ್ಸ್‌ಗಳು ಕಲಿತ ಮೇಲೆ ಅಲ್ಲೇ ಶುರುವಾಯಿತು. ಮುಂದೆ ಕೈದಿಗಳಿಗೇ ತರಬೇತಿ ಕೊಟ್ಟು ಬೇರೆ ಕೈದಿಗಳಿಗೆ ತಿಳಿವಳಿಕೆ ಹೇಳುವ ಕೆಲಸ ಕೊಟ್ಟರು.

ನರ್ಸ್‌ಗಳ ಪೆನ್ನಿಗೆ ಕಾನೂನಿನ ಬೀಗ ಇದ್ದಾಗ

ಲಿವರ್ ವಿಷಯದಲ್ಲಿ ನರ್ಸ್ ಪ್ರಾಕ್ಟೀಷನರ್‌ಗಳಿಗೆ ಬೇಕಿದ್ದದ್ದು ಕಲಿಕೆ ಮಾತ್ರ. ಇನ್ನೊಂದು ರೋಗದಲ್ಲಿ ಕಲಿಕೆ ಇದ್ದರೂ ಕೈ ಕಟ್ಟಿತ್ತು. ನ್ಯೂ ಮೆಕ್ಸಿಕೋದ ಉತ್ತರದಲ್ಲಿ ರಿಯೋ ಅರಿಬಾ ಕೌಂಟಿ ಇದೆ. ಹೆರಾಯಿನ್‌ನಂಥ ಮಾದಕ ವಸ್ತು ಮಿತಿಮೀರಿ ಸಾಯುವವರ ಪ್ರಮಾಣದಲ್ಲಿ ಇಡೀ ಅಮೆರಿಕದಲ್ಲೇ ಕುಖ್ಯಾತವಾದ ಜಾಗ. ಎಕೋ 2005ರಲ್ಲಿ ವ್ಯಸನ ಚಿಕಿತ್ಸೆಯ ಸಭೆಯನ್ನೂ ಶುರು ಮಾಡಿತು. ಮುಖ್ಯ ಔಷಧಿ ಬ್ಯೂಪ್ರಿನಾರ್ಫಿನ್. ಆದರೆ 2000ನೇ ಇಸವಿಯ ಕೇಂದ್ರ ಕಾನೂನಿನ ಪ್ರಕಾರ ಕ್ಲಿನಿಕ್‌ನಲ್ಲಿ ಕೂತು ಅದನ್ನು ಬರೆಯುವ ಅನುಮತಿ ವೈದ್ಯರಿಗೆ ಮಾತ್ರ, ಅದೂ 8 ಗಂಟೆ ತರಬೇತಿ ಪಡೆದವರಿಗೆ.

ಅಂದರೆ ಸಣ್ಣ ಊರಿನ ನರ್ಸ್ ಪ್ರಾಕ್ಟೀಷನರ್ ಒಬ್ಬರು ನೋವಿಗೆಂದು ಆಕ್ಸಿಕೋಡೋನ್ ಬರೆಯಬಹುದಿತ್ತು, ಅದರ ಚಟ ಹತ್ತಿದ ಮೇಲೆ ಬಿಡಿಸುವ ಔಷಧಿ ಬರೆಯುವಂತಿರಲಿಲ್ಲ. 2016ರ ಕಾನೂನು ನರ್ಸ್ ಪ್ರಾಕ್ಟೀಷನರ್‌ಗಳಿಗೆ ಅನುಮತಿ ಕೊಟ್ಟಿತು, ಆದರೆ ತರಬೇತಿ 24 ಗಂಟೆ. ವೈದ್ಯರಿಗೆ 8, ಇವರಿಗೆ 24. ಇದಕ್ಕೆ ಒಪ್ಪುವಂಥ ಕಾರಣ ನನಗಂತೂ ಕಾಣುವುದಿಲ್ಲ. ಆದರೂ ಅಮೆರಿಕದ ಹಳ್ಳಿಗಾಡಿನಲ್ಲಿ ಆ ಅನುಮತಿ ಪಡೆದವರ ಸಂಖ್ಯೆ ಏರಿದ್ದಕ್ಕೆ ದೊಡ್ಡ ಕಾರಣ ನರ್ಸ್ ಪ್ರಾಕ್ಟೀಷನರ್‌ಗಳು ಮತ್ತು ಫಿಸಿಷಿಯನ್ ಅಸಿಸ್ಟೆಂಟ್‌ಗಳೇ. 2022ರ ಡಿಸೆಂಬರ್ ಕೊನೆಯಲ್ಲಿ ಆ ವಿಶೇಷ ಅನುಮತಿಯ ಪದ್ಧತಿಯನ್ನೇ ತೆಗೆದುಹಾಕಿದರು. ಈಗ ನಿಯಂತ್ರಿತ ಔಷಧಿ ಬರೆಯುವ ಲೈಸೆನ್ಸ್ ಇರುವ ವೈದ್ಯರಿಗೂ ನರ್ಸ್ ಪ್ರಾಕ್ಟೀಷನರ್‌ಗಳಿಗೂ ಒಂದೇ ನಿಯಮ, ಒಮ್ಮೆ 8 ಗಂಟೆ ತರಬೇತಿ.

ಅನುಮತಿ ಪತ್ರ ಕೈಗೆ ಬಂದ ಎಷ್ಟೋ ಜನ ಒಬ್ಬ ರೋಗಿಗೂ ಔಷಧಿ ಬರೆಯದೆ ಕೂತದ್ದುಂಟು. ಮೊದಲ ರೋಗಿಗೆ ಮೊದಲ ಡೋಸ್ ಯಾವಾಗ ಕೊಡಬೇಕು, ಬೇಗ ಕೊಟ್ಟರೆ ವಿತ್‌ಡ್ರಾಯಲ್, ಅಂದರೆ ಚಟ ಬಿಡುವಾಗಿನ ಸಂಕಟ, ಇದ್ದಕ್ಕಿದ್ದಂತೆ ಜೋರಾಗುತ್ತದಲ್ಲ ಎಂಬ ಭಯ ಕೋರ್ಸ್ ಮುಗಿಸಿದ ಮಾತ್ರಕ್ಕೆ ಹೋಗುವುದಿಲ್ಲ. ವಾರದ ಸಭೆ ಇಲ್ಲಿ ಕೆಲಸಕ್ಕೆ ಬಂತು.

ಕಲಿತದ್ದು ಹಳತಾದಾಗ

2013ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅದಾದ ಒಂದೆರಡು ವರ್ಷದಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಯಿಂದ ಇಂಟರ್‌ಫೆರಾನ್ ಮಾಯವಾಯಿತು. ಹೆಚ್ಚಿನವರಿಗೆ 12 ವಾರ ಮಾತ್ರೆ, ಗುಣವಾಗುವವರು ಶೇ. 90ಕ್ಕಿಂತ ಜಾಸ್ತಿ, ಅಡ್ಡಪರಿಣಾಮ ಅಷ್ಟಕ್ಕಷ್ಟೇ. ಹತ್ತು ವರ್ಷ ಕಷ್ಟಪಟ್ಟು ಕಲಿತ ರಕ್ತಕಣದ ಲೆಕ್ಕ, ಡೋಸ್ ಇಳಿಸುವ ಜಾಣತನ ಎಲ್ಲ ಒಮ್ಮೆಗೇ ಹಳೆಯ ಕಾಲದ್ದಾಯಿತು.

ಒಂದೇ ಸಲ ಕೋರ್ಸ್ ಮಾಡಿ ಸರ್ಟಿಫಿಕೇಟ್ ಕೊಟ್ಟು ಕಳಿಸುವ ಯೋಜನೆ ಆಗಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ವಾರದ ಸಭೆ ನಡೆಯುತ್ತಲೇ ಇದ್ದುದರಿಂದ ಹೊಸ ಚಿಕಿತ್ಸೆ ಅದೇ ದಾರಿಯಲ್ಲಿ ಹಳ್ಳಿಗೆ ತಲುಪಿತು. ಪ್ರಶ್ನೆಗಳು ಮಾತ್ರ ಬದಲಾದವು. ಈ ಮಾತ್ರೆ ರೋಗಿ ನುಂಗುತ್ತಿರುವ ಎದೆಯುರಿ ಮಾತ್ರೆಯ ಜೊತೆ ಹೊಂದುತ್ತದಾ? ಹಳೆಯ ಹೆಪಟೈಟಿಸ್ ಬಿ ಸೋಂಕು ಮತ್ತೆ ಕೆರಳಬಹುದಾ? ಎಲ್ಲಕ್ಕಿಂತ ದೊಡ್ಡ ತಲೆನೋವು ಹಣದ್ದು. 12 ವಾರದ ಸೊಫೊಸ್ಬುವಿರ್‌ನ ಆಗಿನ ಬೆಲೆ 84,000 ಡಾಲರ್, ಅಂದರೆ ಮಾತ್ರೆಗೆ 1,000 ಡಾಲರ್. ಬಡವರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೇಡ್ ಹಲವು ರಾಜ್ಯಗಳಲ್ಲಿ, ತಜ್ಞರೇ ಬರೆಯಬೇಕು ಇಲ್ಲವೇ ತಜ್ಞರನ್ನು ಕೇಳಿ ಬರೆಯಬೇಕು ಎಂಬ ಷರತ್ತು ಹಾಕಿತು. ವಿಮೆಯ ಒಪ್ಪಿಗೆ ಪತ್ರ ಬರೆಯುವುದೂ ಹಳ್ಳಿ ಕ್ಲಿನಿಕ್‌ನ ಕೆಲಸದಲ್ಲಿ ಸೇರಿಕೊಂಡಿತು.

ನಕಲು, ಮತ್ತು ಸಮಯದ ಲೆಕ್ಕ

ಮಾದರಿ ಹಬ್ಬಿತು. ಬೇರೆ ಬೇರೆ ದೇಶಗಳಲ್ಲಿ, ಮಧುಮೇಹದಿಂದ ಮನೋರೋಗದವರೆಗೆ ಎಕೋ ಸಭೆಗಳು ನಡೆದಿವೆ. ನಮ್ಮ ನಿಮ್ಹಾನ್ಸ್ ಕೂಡ ವ್ಯಸನ ಮತ್ತು ಮಾನಸಿಕ ಆರೋಗ್ಯದ ತರಬೇತಿಗೆ ಇದನ್ನು ಬಳಸಿದೆ. ಅಮೆರಿಕದ ಸಂಸತ್ತು 2016ರಲ್ಲಿ ಇದೇ ಹೆಸರಿನ ಒಂದು ಕಾನೂನು ಮಾಡಿ, ಈ ಮಾದರಿ ನಿಜವಾಗಿ ಕೆಲಸ ಮಾಡುತ್ತದಾ ನೋಡಿ ಹೇಳಿ ಎಂದು ಆರೋಗ್ಯ ಇಲಾಖೆಗೆ ವಹಿಸಿತು. 2019ರಲ್ಲಿ ಬಂದ ವರದಿಯ ಸಾರ ಹೀಗಿದೆ: ಭರವಸೆ ಇದೆ, ಆದರೆ ರೋಗಿಗಳ ಮೇಲಾದ ಪರಿಣಾಮ ತೋರಿಸುವ ಗಟ್ಟಿ ಪುರಾವೆ ಕಡಿಮೆ.

ಇದರಲ್ಲಿ ನನಗೆ ಆಶ್ಚರ್ಯವಿಲ್ಲ. ಹೆಪಟೈಟಿಸ್ ಸಿಯಲ್ಲಿ ಗುಣವಾಯಿತಾ ಇಲ್ಲವಾ ಎಂಬುದಕ್ಕೆ ಒಂದು ರಕ್ತಪರೀಕ್ಷೆ ಉತ್ತರ ಹೇಳುತ್ತದೆ. ಖಿನ್ನತೆಗೋ ದೀರ್ಘಕಾಲದ ನೋವಿಗೋ ಅಂಥ ಪರೀಕ್ಷೆ ಇಲ್ಲ. ಜೊತೆಗೆ ನಕಲು ಮಾಡುವಾಗ ಬಹಳ ಕಡೆ ಮೊದಲು ಕೈಬಿಡುವುದು ಕೇಸನ್ನು. ಕೇಸು ತರಲು ತಯಾರಿ ಬೇಕು, ನಾಲ್ಕು ಜನರ ಮುಂದೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಬೇಕು. ಯಾರೂ ತರದಿದ್ದರೆ ತಜ್ಞರ ಭಾಷಣ ಉದ್ದವಾಗುತ್ತಾ ಹೋಗುತ್ತದೆ, ಕ್ಯಾಮೆರಾಗಳು ಆಫ್ ಆಗುತ್ತವೆ. ಹೆಸರು ಎಕೋ, ಒಳಗಿರುವುದು ಅದೇ ಸ್ಲೈಡ್ ಪಾಠ.

ಉಳಿದ ಪ್ರಶ್ನೆ ಸಮಯದ್ದು. ಹಳ್ಳಿ ಕ್ಲಿನಿಕ್‌ನಲ್ಲಿ ಆದಾಯ ಬರುವುದು ರೋಗಿಯನ್ನು ನೋಡಿದರೆ. ನರ್ಸ್ ಪ್ರಾಕ್ಟೀಷನರ್ ವಾರಕ್ಕೆ ಎರಡು ಗಂಟೆ ಪರದೆಯ ಮುಂದೆ ಕೂತರೆ ಅಷ್ಟು ರೋಗಿಗಳ ಬಿಲ್ ಖೋತಾ. ಯೋಜನೆ ನಡೆಸಲು ಸರ್ಕಾರ ಮತ್ತು ಪ್ರತಿಷ್ಠಾನಗಳ ಹಣ ಸಿಕ್ಕಿತು, ಕೂತು ಕಲಿಯುವವರ ಸಮಯಕ್ಕೆ ದುಡ್ಡು ಕೊಡುವ ಪದ್ಧತಿ ಬೆಳೆಯಲಿಲ್ಲ. ದೊಡ್ಡ ಮಟ್ಟದಲ್ಲಿ ಅದು ಆದದ್ದು ಕೋವಿಡ್ ಕಾಲದಲ್ಲಿ. 2020ರ ಕೊನೆಯಿಂದ 9,000ಕ್ಕೂ ಹೆಚ್ಚು ನರ್ಸಿಂಗ್ ಹೋಂಗಳು (ಅಲ್ಲಿ ಹಾಗೆಂದರೆ ಮುಖ್ಯವಾಗಿ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಕೇಂದ್ರ) ಎಕೋ ಮಾದರಿಯ 16 ವಾರದ ಸೋಂಕು ತಡೆ ತರಬೇತಿಗೆ ಸೇರಿದವು. ಪೂರ್ತಿ ಭಾಗವಹಿಸಿದ ಪ್ರತಿ ನರ್ಸಿಂಗ್ ಹೋಂಗೆ ಸಿಬ್ಬಂದಿಯ ಸಮಯಕ್ಕೆಂದು 6,000 ಡಾಲರ್ ಕೊಟ್ಟರು. ಅದು ತುರ್ತು ಪರಿಹಾರ ನಿಧಿಯ ಹಣ. ಮಾಮೂಲಿ ದಿನಗಳಲ್ಲಿ ಆ ಎರಡು ಗಂಟೆಯ ಖರ್ಚನ್ನು ಈಗಲೂ ಕ್ಲಿನಿಕ್‌ಗಳೇ ಹೊರುತ್ತವೆ. ಇಲ್ಲದಿದ್ದರೆ ನರ್ಸ್ ತಮ್ಮ ಊಟದ ಬಿಡುವಿನಲ್ಲಿ ಲಾಗಿನ್ ಆಗುತ್ತಾರೆ.